ಕೆಮ್ಮುವ ಗಿಳಿಯ ಹಲಗೆ

ನಾಳೆ ವೇದಿಕೆಯ ಮೇಲೆ ಆಸೀನರಾಗಲಿರುವ ಮಾನ್ಯ ಅಧ್ಯಕ್ಷರೇ, ನಾಳೆಯೂ ತಡವಾಗಿಯೇ ಬರಲಿರುವ ಮುಖ್ಯ ಅತಿಥಿಗಳೇ, ಮೃಗಾಲಯದ ನಿರ್ದೇಶಕರೇ, ಪಶುವೈದ್ಯರೇ, ಪ್ರಾಣಿಪಾಲಕ ಬಂಧುಗಳೇ, ಈ ಊಟದ ಮೇಜಿನ ಸುತ್ತ ಖಾಲಿ ನಿಂತಿರುವ ಮೂರು ಕುರ್ಚಿಗಳೇ, ಮತ್ತು ನಾಲ್ಕನೆಯ ಕುರ್ಚಿಯಲ್ಲಿ ಕೂತು ನನ್ನ ಅಂಗಿಗೆ ಗುಂಡಿ ಹೊಲಿಯುತ್ತಿರುವ ಏಕೈಕ ಸಭಿಕರೇ,

ಏಕೈಕ ಸಭಿಕರೆಂದರೆ ನನ್ನ ಅಕ್ಕ. ಸೋಮವಾರ ಮೃಗಾಲಯಕ್ಕೆ ರಜೆ, ಆದ್ದರಿಂದ ನಾಳೆ ವಾರ್ಷಿಕೋತ್ಸವ, ಅದರಲ್ಲಿ ನನಗೆ ಸನ್ಮಾನ. ಹಲಗೆ ಬರೆಯುವವನಿಗೆ ಸ್ಮರಣಿಕೆಯಾಗಿ ಇನ್ನೊಂದು ಹಲಗೆ ಕೊಡುತ್ತಾರಂತೆ. ಮಾತಾಡಲು ಐದು ನಿಮಿಷ. "ನಿನಗೆ ಐದು ನಿಮಿಷ ಅಂದ್ರೆ ಅರ್ಧ ಗಂಟೆ. ಮೊದಲು ನನ್ನೆದುರು ಓದು, ಎಲ್ಲಿ ಕತ್ತರಿಸಬೇಕೋ ನಾನು ಹೇಳ್ತೀನಿ" ಎಂದು ಅಕ್ಕ ಬೆಳಿಗ್ಗೆಯೇ ಕರೆಸಿಕೊಂಡಿದ್ದಾಳೆ. ಕತ್ತರಿ ಅವಳ ಕೈಗೆಟುಕುವಷ್ಟು ಹತ್ತಿರದಲ್ಲೇ ಇದೆ. ಇಷ್ಟು ಸನ್ನದ್ಧರಾಗಿ ಬಂದ ಸಭಿಕರನ್ನು ನಾನು ಹಿಂದೆಂದೂ ಕಂಡಿಲ್ಲ. ಅವಳ ಎಡಗಿವಿ ಕೇಳಿಸುವುದಿಲ್ಲ. ಬಲಗಿವಿಗೆ ಅಷ್ಟಿಷ್ಟು ಕೇಳಿಸುತ್ತಿತ್ತು, ಕಳೆದ ತಿಂಗಳು ಅದಕ್ಕೊಂದು ಶ್ರವಣಯಂತ್ರವೂ ಬಂದಿದೆ. ಆದರೂ ಅಭ್ಯಾಸಬಲದಿಂದ ಗಟ್ಟಿಯಾಗಿಯೇ ಓದುತ್ತೇನೆ. ಪಕ್ಕದ ಮನೆಯವರು ಇದನ್ನೇ ಆಮಂತ್ರಣವೆಂದು ಭಾವಿಸಬೇಕು.

ಸಭಿಕರೇ, ಪ್ರಾಣಿಲೋಕವೆಂಬುದು ಒಂದು ವಿಸ್ಮಯ!

ಇದು ಭಾಷಣದ ಮೊದಲ ವಾಕ್ಯ. ಇದನ್ನು ಹೇಳಿ ಎರಡು ಕ್ಷಣ ನಿಲ್ಲಬೇಕೆಂದು ಹಾಳೆಯ ಅಂಚಿನಲ್ಲಿ ಬರೆದುಕೊಂಡಿದ್ದೇನೆ. ನಿಂತೆ. ಮುಂದುವರಿಯುತ್ತೇನೆ.

ನಾನು ಈ ಮೃಗಾಲಯದ ಹಲಗೆ ಬರಹಗಾರ. ನೀವು ಪಂಜರದ ಮುಂದೆ ಬಂದಾಗ ಪ್ರಾಣಿಗಿಂತ ಮೊದಲು ಕಣ್ಣಿಗೆ ಬೀಳುವುದು ನನ್ನ ಹಲಗೆ. ಪ್ರಾಣಿ ಮೂಲೆ ಸೇರಿ ಮಲಗಿದ್ದರೆ ನೀವು ಕೊಟ್ಟ ಟಿಕೆಟ್ಟಿಗೆ ದಕ್ಕುವುದೂ ಅದೊಂದೇ. ಇಪ್ಪತ್ತೊಂದು ವರ್ಷಗಳಲ್ಲಿ ಎಂಬತ್ತಾರು ಹಲಗೆ ಬರೆದಿದ್ದೇನೆ. ಬಣ್ಣ ನನ್ನದು, ಅಕ್ಷರ ನನ್ನದು, ಪ್ರಾಸ ನನ್ನದು, ತಪ್ಪಿದ್ದರೆ ಅದೂ ನನ್ನದೇ.

ಈ ಕೆಲಸಕ್ಕೆ ನಾನು ಬಂದದ್ದು ಹೇಗೆ? ಪದವಿ ಮುಗಿಸಿ ನಾಲ್ಕು ವರ್ಷ ನಾನು ಮಾಡಿದ್ದು ಪ್ರಾಸ ಕಟ್ಟುವುದೊಂದೇ. ಚಪ್ಪಲಿ ಅಂಗಡಿಯೊಂದಕ್ಕೆ "ಕಾಲಿಗೂ ಹಿತ, ಬೆಲೆಯೂ ಮಿತ" ಎಂದು ಬರೆದುಕೊಟ್ಟೆ. ಅಂಗಡಿಯವನು ಮೆಚ್ಚಿ ಒಂದು ಜೊತೆ ಚಪ್ಪಲಿ ಕೊಟ್ಟ. ಎರಡು ದಿನಕ್ಕೆ ಹಿಮ್ಮಡಿ ಸುಲಿಯಿತು. ಪ್ರಾಸಕ್ಕೂ ಸತ್ಯಕ್ಕೂ ನಂಟಿರಲೇಬೇಕೆಂದೇನಿಲ್ಲ ಎಂದು ನನ್ನ ಕಾಲಿಗೆ ಆಗಲೇ ತಿಳಿದಿತ್ತು.

ನಮ್ಮ ಭಾವ, ಅಂದರೆ ಏಕೈಕ ಸಭಿಕರ ಪತಿ, ಆಗ ಇಲ್ಲಿ ಪಕ್ಷಿ ವಿಭಾಗದ ಪ್ರಾಣಿಪಾಲಕರಾಗಿದ್ದರು. ನನ್ನನ್ನು 'ಪ್ರಾಸಪ್ಪ' ಎಂದು ಕರೆಯುತ್ತಿದ್ದರು. ಒಂದು ದಿನ ಇದೇ ಮೇಜಿನ ಮುಂದೆ, ಊಟದ ನಡುವೆ ಹೇಳಿದರು: "ಪ್ರಾಸಪ್ಪ, ನಿನ್ನ ಪದ್ಯಕ್ಕೆ ಮನುಷ್ಯರು ನಿಲ್ಲಲ್ಲ ಕಣಪ್ಪ. ನಮ್ಮಲ್ಲಿ ಬಾ. ಓಡಿಹೋಗೋಕೆ ಆಗದವರ ಮುಂದೆ ಬರಿ."

ಬಂದೆ. ಬರೆದೆ. ಅವರು ನಿಂತು ಓದಿದರು.

ಅವರು ಈಗಿಲ್ಲ. ಎಂಟು ತಿಂಗಳಾಯಿತು. ಎದೆಯ ಕಾಯಿಲೆ, ಗೊತ್ತಾಗುವಾಗ ತಡವಾಗಿತ್ತು. ಅಲ್ಲಿಂದೀಚೆಗೆ ಪ್ರತಿ ಭಾನುವಾರ ನಾನು ಇಲ್ಲಿಗೆ ಊಟಕ್ಕೆ ಬರುತ್ತೇನೆ. ಪ್ರತಿ ಭಾನುವಾರ ಏಕೈಕ ಸಭಿಕರು ಒಂದೇ ಪ್ರಶ್ನೆ ಕೇಳುತ್ತಾರೆ: "ಅಲ್ಲಿ ಕೆಲಸದಲ್ಲಿ ಅವ್ರು ಕೆಮ್ತಿದ್ರೇನೋ? ನನ್ನ ಕಿವಿಯಂತೂ ಕೆಟ್ಟಿತ್ತು. ನಿನ್ನ ಕಿವಿ ಚೆನ್ನಾಗಿದೆಯಲ್ಲ?" ಪ್ರತಿ ಭಾನುವಾರ ನಾನು "ಇಲ್ಲಕ್ಕ" ಎನ್ನುತ್ತೇನೆ. ಮೂವತ್ತೈದು ಭಾನುವಾರಗಳಾದವು. ಇವತ್ತೂ ಭಾನುವಾರ. ಭಾಷಣದ ಗಲಾಟೆಯಲ್ಲಿ ಪ್ರಶ್ನೆ ಇನ್ನೂ ಬಂದಿಲ್ಲ.

ಇದು ನಾಳೆಗೆ ಬೇಡ. ಗೆರೆ ಹೊಡೆದೆ. ಹಲಗೆಗೆ ಮರಳೋಣ.

ನಾನು ಬರುವ ಮೊದಲು ಇಲ್ಲಿನ ಹಲಗೆಗಳಲ್ಲಿ ಏನಿರುತ್ತಿತ್ತು? ಹೆಸರು, ನೆಲೆ, ಆಹಾರ. ಪೊಲೀಸ್ ಠಾಣೆಯಲ್ಲಿ ಕಳ್ಳನ ವಿವರ ಬರೆದುಕೊಂಡ ಹಾಗೆ. ನನ್ನ ಮೊದಲ ಹಲಗೆ ಜಿರಾಫೆಯದು. ಅಷ್ಟುದ್ದದ ಕತ್ತಿನಲ್ಲೂ ಅದಕ್ಕಿರುವುದು ನಮ್ಮ ಗಿಡ್ಡ ಕತ್ತಿನಲ್ಲಿರುವಷ್ಟೇ ಮೂಳೆ:

ನನಗೂ ಏಳು, ನಿನಗೂ ಏಳು,
ಕತ್ತಿನ ಮೂಳೆ ಎಣಿಸಿ ಹೇಳು.

ಅಂದಿನಿಂದ ಇಂದಿನವರೆಗೆ ಜಿರಾಫೆಯ ಮುಂದೆ ನಿಂತ ಜನ ಜಿರಾಫೆಯನ್ನು ನೋಡುವುದಿಲ್ಲ, ತಮ್ಮ ಕತ್ತು ಸವರಿಕೊಳ್ಳುತ್ತಾರೆ. ಜಿರಾಫೆ ಅವರನ್ನು ನೋಡುತ್ತದೆ. ಆಮೇಲೆ ನೀರಾನೆ. ದಿನವಿಡೀ ನೀರಿನಲ್ಲಿದ್ದರೂ ಅದಕ್ಕೆ ಈಜು ಬಾರದು, ತಳದ ಮೇಲೆ ನಡೆದುಕೊಂಡೇ ಹೋಗುತ್ತದೆ: "ನೀರೇ ವಾಸ, ಈಜೇ ತ್ರಾಸ." ಗೂಬೆ ಕಣ್ಣುಗುಡ್ಡೆ ಹೊರಳಿಸಲಾರದು, ಪಕ್ಕಕ್ಕೆ ನೋಡಬೇಕಾದರೆ ಇಡೀ ತಲೆ ತಿರುಗಿಸಬೇಕು. ನಮ್ಮ ನಿರ್ದೇಶಕರೂ ಹಾಗೆಯೇ, ಆದರೆ ಅವರಿಗೆ ಹಲಗೆ ಬರೆಯುವ ಪದ್ಧತಿಯಿಲ್ಲ. ಇನ್ನು ವಾಂಬ್ಯಾಟ್. ಅದು ನಮ್ಮಲ್ಲಿಲ್ಲ, ಮಕ್ಕಳ ಗೋಡೆಯ ಮೇಲೆ ಅದರ ಚಿತ್ರವಷ್ಟೇ ಇದೆ. ಚೌಕವಾಗಿ, ಇಟ್ಟಿಗೆಯ ತುಂಡಿನಂತೆ ಲದ್ದಿ ಹಾಕುವ ಪ್ರಾಣಿ ಅದು: "ಚೌಕದ ಲದ್ದಿ, ಜಗಕೇ ಸುದ್ದಿ." ನಿರ್ದೇಶಕರು ಒಂದು ವಾರ ಯೋಚಿಸಿದರು. ಕೊನೆಗೆ ಕಡತದ ಮೇಲೆ 'ಲದ್ದಿ ಪರಿಶೀಲಿಸಲಾಗಿದೆ' ಎಂದು ಬರೆದು ಸಹಿ ಹಾಕಿದರು.

ಸಭಿಕರು ನಕ್ಕಿದ್ದಾರೆ. ಧನ್ಯವಾದ. ನಾಳೆಯೂ ಇಲ್ಲಿ ನಗಬೇಕೆಂದು ಕೋರುತ್ತೇನೆ, ಬೇರೆ ಯಾರೂ ನಗದಿರುವ ಸಂಭವವಿದೆ.

ಆದರೆ ನಿಜವಾದ ಪರಿಶೀಲನೆ ನಿರ್ದೇಶಕರದಾಗಿರಲಿಲ್ಲ. ನಾನು ಸೇರಿದ ಮೂರನೆಯ ತಿಂಗಳು ಉಷ್ಟ್ರಪಕ್ಷಿಗೆ ಒಂದು ಹಲಗೆ ಬರೆದೆ: "ಮರಳಲ್ಲಿ ತಲೆ, ಇದೇನು ಕಲೆ!" ಬಣ್ಣ ಇನ್ನೂ ಹಸಿಯಾಗಿತ್ತು. ಭಾವ ಕಾಳಿನ ಬಕೆಟ್ ಹಿಡಿದು ಆ ದಾರಿಯಾಗಿ ಬಂದವರು ನಿಂತರು. ತುಟಿ ಅಲ್ಲಾಡಿಸುತ್ತಾ ಓದಿದರು. ಓದುವಾಗ ಅವರಿಗೆ ತುಟಿ ಅಲ್ಲಾಡಿಸಲೇಬೇಕಿತ್ತು.

"ಇದು ನಿಜಾನೋ, ಪ್ರಾಸಕ್ಕೆ ಬಂದಿದ್ದೋ?"

"ಎಲ್ಲರೂ ಹೇಳ್ತಾರಲ್ಲ ಭಾವ."

"ಎಲ್ಲರೂ ಹೇಳ್ತಾರೆ. ಅದು ಹೂತ್ಕೊಳ್ಳಲ್ಲ. ನೆಲದಲ್ಲಿ ಗುಂಡಿ ಮಾಡಿ ಮೊಟ್ಟೆ ಇಟ್ಟಿರುತ್ತೆ, ತಲೆ ಬಗ್ಗಿಸಿ ಕೊಕ್ಕಲ್ಲಿ ಹೊರಳಿಸುತ್ತೆ. ದೂರದಲ್ಲಿ ನಿಂತವನಿಗೆ ತಲೆ ಕಾಣ್ಲಿಲ್ಲ, ಅಷ್ಟೆ."

ಹಾಗೆಂದವರೇ ನನ್ನ ಕೈಯಲ್ಲಿದ್ದ ಟರ್ಪೆಂಟೈನ್ ಬಟ್ಟೆ ಕಿತ್ತುಕೊಂಡು ನನ್ನ ತಲೆಯನ್ನೂ ಕಲೆಯನ್ನೂ ಒಟ್ಟಿಗೆ ಒರೆಸಿಬಿಟ್ಟರು. "ಸುಳ್ಳು ಬರೆದ್ರೆ ಹಕ್ಕಿಗೇನೂ ಆಗಲ್ಲ ಕಣಪ್ಪ. ಓದಿದ ಮಗು ಮುದುಕ ಆದ್ರೂ ಅದನ್ನೇ ಹೇಳ್ಕೊಂಡು ತಿರುಗುತ್ತೆ. ಓದಿದ್ದನ್ನ ಜನ ನಂಬ್ತಾರೆ."

ಅಂದಿನಿಂದ ಭಾವ ಓದದೆ ಒಂದು ಹಲಗೆಯೂ ಮೊಳೆ ಕಂಡದ್ದಿಲ್ಲ. ಬಣ್ಣ ಹಸಿಯಿರುವಾಗಲೇ ಕರೆಯುತ್ತಿದ್ದೆ. ಬಂದು ನಿಲ್ಲುತ್ತಿದ್ದರು. "ನಿಜಾನೋ, ಪ್ರಾಸಕ್ಕೆ ಬಂದಿದ್ದೋ?" ನಿಜವೆಂದು ನಾನು ಸಾಧಿಸಿ ತೋರಿಸಿದ ಮೇಲೆ, "ಹ್ಞೂಂ, ಹಾಕು." ಅವರ 'ಹ್ಞೂಂ' ಸಿಗುವುದು ನನ್ನ ಪದವಿ ಪರೀಕ್ಷೆಗಿಂತ ಕಷ್ಟವಾಗಿತ್ತು.

ಸತ್ಯದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದ ಮನುಷ್ಯ ತನ್ನ ವಿಷಯ ಬಂದಾಗ ಮಾತ್ರ ಹಾಗಿರಲಿಲ್ಲ. ಒಮ್ಮೆ ಮಂಗಟ್ಟೆ ಹಕ್ಕಿ ಹೆಬ್ಬೆರಳು ಕಚ್ಚಿ ಮೂರು ಹೊಲಿಗೆ ಬಿದ್ದವು. ಸಂಜೆ ಏಕೈಕ ಸಭಿಕರು "ಏನ್ರೀ ಇದು ಕೈಗೆ?" ಎಂದು ಹೌಹಾರಿದರೆ ಉತ್ತರ: "ಏನಿಲ್ಲ, ಏನಿಲ್ಲ." ಜ್ವರ ಬಂದರೂ ಏನಿಲ್ಲ, ಬಡ್ತಿ ತಪ್ಪಿದರೂ ಏನಿಲ್ಲ, ಏಣಿಯಿಂದ ಬಿದ್ದು ಕುಂಟುತ್ತಾ ಬಂದರೂ ಏನಿಲ್ಲ. ಯಾವಾಗಲೂ ಎರಡು ಸಲ ಹೇಳುತ್ತಿದ್ದರು. ಮೊದಲನೆಯದು ಕೇಳಿದವರಿಗೆ, ಎರಡನೆಯದು ತಮಗೆ.

ಇಲ್ಲಿ ಇನ್ನೊಂದು ಹಲಗೆಯ ಮಾತು ಹೇಳಬೇಕು. ಹಕ್ಕಿಗಳು ಕಾಯಿಲೆಯನ್ನು ಬಚ್ಚಿಡುತ್ತವೆ. ಇದನ್ನು ನನಗೆ ಹೇಳಿಕೊಟ್ಟವರೂ ಭಾವನೇ. "ಗುಂಪಲ್ಲಿ ಯಾವುದು ಸೊರಗಿದೆ ಅಂತ ಕಂಡ್ರೆ ಗಿಡುಗ ಅದನ್ನೇ ಎತ್ಕೊಂಡು ಹೋಗುತ್ತೆ. ಅದಕ್ಕೇ ನೆಟ್ಟಗೆ ಕೂರುತ್ತೆ, ಹಸಿವಿಲ್ಲದಿದ್ರೂ ಕಾಳು ಕುಕ್ಕಿ ತಿಂದ ಹಾಗೆ ನಟಿಸುತ್ತೆ. ನಮಗೆ ಗೊತ್ತಾಗೋ ಹೊತ್ತಿಗೆ ಕೈ ಮೀರಿರುತ್ತೆ." ನಾನು ಬರೆದೆ:

ಕಾಯಿಲೆ ಬಿದ್ದರೂ ಹಕ್ಕಿ
ಅಳುವುದಿಲ್ಲ ಬಿಕ್ಕಿ.

"ಹ್ಞೂಂ, ಹಾಕು" ಅಂದರು. ಹಾಕಿದೆ. ಎಂಬತ್ತಾರರಲ್ಲಿ ನನಗೆ ಬಾಯಿಪಾಠವಾಗಿರುವ ಹಲಗೆ ಅದು. ಬಾಯಿಗೆ ಬಂದದ್ದು ಬುದ್ಧಿಗೂ ಬರುತ್ತದೆಂದು ಯಾರು ಹೇಳಿದರು?

ಸಭಿಕರೇ, ಈಗ ಇಂದಿನ, ಕ್ಷಮಿಸಿ, ನಾಳೆಯ ಸಮಾರಂಭದ ನಾಯಕರ ಬಳಿಗೆ ಬರೋಣ. ಬೂದು ಬಣ್ಣದ ಒಂದು ಗಿಳಿ. ಬೂದು ಕೋಟು, ಕೆಂಪು ಬಾಲ, ಕತ್ತು ಓರೆ ಮಾಡಿ ಉತ್ತರಪತ್ರಿಕೆ ತಿದ್ದುವವರಂತೆ ನಮ್ಮನ್ನು ನೋಡುವ ನೋಟ. ಹಾಗಾಗಿ ಎಲ್ಲರೂ 'ಮೇಷ್ಟ್ರು' ಎಂದೇ ಕರೆಯುತ್ತೇವೆ. ಭಾವ ಅದನ್ನು ಕೈತುತ್ತು ಕೊಟ್ಟು ಸಾಕಿದ್ದರು. ಹತ್ತೊಂಬತ್ತು ವರ್ಷ. ಅವರ ಕೈಯಿಂದಲ್ಲದೆ ಅದು ತಿನ್ನುತ್ತಿರಲಿಲ್ಲ. ಒಮ್ಮೆ ಭಾವ ಹತ್ತು ದಿನ ರಜೆ ಹಾಕಿದಾಗ ಮೇಷ್ಟ್ರು ತಟ್ಟೆಯಲ್ಲಿಟ್ಟ ಕಾಳನ್ನಷ್ಟೇ ಅಷ್ಟಿಷ್ಟು ಕುಕ್ಕಿ, ತಮ್ಮ ಎದೆಯ ಗರಿಗಳನ್ನು ತಾವೇ ಕಿತ್ತುಕೊಂಡು ಬರಿಮೈಯಾಗಿ ಕೂತಿದ್ದರು. ಬೂದು ಗಿಳಿಗಳು ಮನಸ್ಸು ಕೆಟ್ಟರೆ ಹಾಗೆ ಮಾಡುತ್ತವೆ. ಭಾವ ಆಮೇಲೆ ಅಷ್ಟುದ್ದದ ರಜೆಯನ್ನೇ ಹಾಕಲಿಲ್ಲ. ಏಕೈಕ ಸಭಿಕರು ಇದರ ಬಗ್ಗೆ ಏನು ಹೇಳುತ್ತಿದ್ದರು ಎಂಬುದು ನನಗೆ ಗೊತ್ತಿದೆ: "ನನ್ನನ್ನ ಕಟ್ಕೊಂಡಿದ್ದಾರೋ, ಆ ಗಿಳೀನ ಕಟ್ಕೊಂಡಿದ್ದಾರೋ!"

ಮೇಷ್ಟ್ರು ಏನು ಕೇಳಿದರೂ ಕಲಿಯುತ್ತಿದ್ದರು. ಬಾಗಿಲಿನ ಕಿರ್ರೆನ್ನುವ ಸದ್ದು, ಬಕೆಟ್ಟಿನ ಸದ್ದು, ಭಾವನ ಸೀಟಿ. ಮೊದಲು ಅವರಿದ್ದದ್ದು ತಂತಿಬಲೆಯ ಪಂಜರದಲ್ಲಿ. ನೋಡಲು ಬಂದ ಜನ ತಮಗೆ ಬರುವ ವಿದ್ಯೆಯನ್ನೆಲ್ಲ ಅವರಿಗೆ ಕಲಿಸಿದರು. ಜನಕ್ಕೆ ಬರುವ ವಿದ್ಯೆ ಎಂಥದೆಂದು ನಿಮಗೇ ಗೊತ್ತು. ಮೂರು ವರ್ಷದ ಹಿಂದೆ ವಾರ್ಷಿಕೋತ್ಸವಕ್ಕೆ ಬಂದ ಮುಖ್ಯ ಅತಿಥಿಯೊಬ್ಬರಿಗೆ ಮೇಷ್ಟ್ರು ಅದನ್ನು ಸ್ಪಷ್ಟ ಉಚ್ಚಾರಣೆಯಲ್ಲಿ ಒಪ್ಪಿಸಿದರು. ಮರುವಾರವೇ ಗಾಜಿನ ಕೋಣೆ ಬಂತು. ಒಳಗೊಂದು ಮೈಕು, ಹೊರಗೊಂದು ಸ್ಪೀಕರು, ಕೆಳಗೊಂದು ಗುಂಡಿ. ಗುಂಡಿ ಒತ್ತಿದರೆ ಒಳಗಿನ ಸದ್ದು ಹೊರಗೆ ಕೇಳಿಸುತ್ತದೆ. ಹೊರಗಿನ ಸದ್ದು ಒಳಗೆ ಹೋಗುವುದಿಲ್ಲ. ನಾನು ಗಾಜಿನ ಹೊರಗೆ ನಿಂತು ಹಲಗೆ ನೆಟ್ಟಗಿದೆಯಾ ಎಂದು ಗಂಟಲು ಹರಿಯುವಂತೆ ಕೂಗಿದರೂ ಒಳಗಿದ್ದ ಭಾವನಿಗೆ ಕೇಳಿಸುತ್ತಿರಲಿಲ್ಲ, ಕೈಸನ್ನೆಯೇ ಗತಿ. ಗಾಜು ಬಂದ ಮೇಲೆ ಮೇಷ್ಟ್ರು ಜನರಿಂದ ಒಂದು ಅಕ್ಷರವನ್ನೂ ಕಲಿತಿಲ್ಲ.

ಈ ಪರಿಚ್ಛೇದ ಬಹಳ ಉದ್ದವಾಯಿತು. ನಾಳೆ ಬಿಟ್ಟುಬಿಡುತ್ತೇನೆ.

ಈ ಚಳಿಗಾಲವಲ್ಲ, ಅದರ ಹಿಂದಿನ ಚಳಿ ಶುರುವಾದಾಗ ಮೇಷ್ಟ್ರು ಕೆಮ್ಮತೊಡಗಿದರು. ಎದೆಯ ತಳದಿಂದ ಬಂದಂಥ, ಮನುಷ್ಯರ ಕೆಮ್ಮು. ನಮ್ಮ ಪಶುವೈದ್ಯೆ ಡಾಕ್ಟರಮ್ಮ ಗಾಬರಿಯಾದರು. ಹಕ್ಕಿಗಳಿಗೆ ನಮ್ಮ ಹಾಗೆ ಎದೆ-ಹೊಟ್ಟೆಗಳ ನಡುವೆ ವಪೆ, ಅಂದರೆ ಕೆಮ್ಮನ್ನು ಹೊರದಬ್ಬುವ ಸ್ನಾಯುಪೊರೆ, ಇರುವುದಿಲ್ಲ. "ಹಕ್ಕಿ ಹೀಗೆ ಕೆಮ್ಮೋಕೇ ಆಗಲ್ಲ, ಏನೋ ಆಗಿದೆ" ಎಂದು ಮೂರು ವಾರ ಆಸ್ಪತ್ರೆಯ ಕೋಣೆಯಲ್ಲಿ ಪ್ರತ್ಯೇಕವಾಗಿಟ್ಟರು. ಎಕ್ಸ್‌ರೇ ತೆಗೆದರು, ಗಂಟಲಿನ ದ್ರವ ತೆಗೆದರು, ದಿನಾ ತೂಕ ಹಾಕಿದರು, ಸೇಬಿನ ಹೋಳಿನೊಳಗೆ ಔಷಧಿ ಇಟ್ಟು ತಿನ್ನಿಸಿದರು. ಪಂಜರವನ್ನು ಎದೆಗವಚಿಕೊಂಡು ಹೋಗಿಬರುತ್ತಿದ್ದವರು ಭಾವ. ಎಕ್ಸ್‌ರೇ ಹಿಡಿದು ಬೆಳಕಿಗೆ ಎತ್ತಿ ಡಾಕ್ಟರಮ್ಮ, "ನೋಡಿ, ಎಷ್ಟು ಶುದ್ಧವಾಗಿದೆ! ನಮ್ಮ ಎದೆ ಹೀಗಿರಬೇಕಲ್ಲ?" ಎಂದಾಗ ಭಾವ ಆ ಚಿತ್ರವನ್ನು ಬಹಳ ಹೊತ್ತು ನೋಡಿದರಂತೆ.

ಮೇಷ್ಟ್ರು ಆಸ್ಪತ್ರೆಯಲ್ಲಿದ್ದ ಎರಡನೆಯ ವಾರ, ಗಾಜಿನ ಕೋಣೆ ಖಾಲಿಯಿದ್ದಾಗ, ಸ್ಪೀಕರು ಸರಿಯಾಗಿದೆಯೇ ಎಂದು ನೋಡಲು ನಾನು ಗುಂಡಿ...

ಇಲ್ಲ. ಇದು ಹಾಳೆಯಲ್ಲಿಲ್ಲ. ಪುಟ ತಿರುವುತ್ತೇನೆ.

ಮೂರು ವಾರದ ಬಳಿಕ ಡಾಕ್ಟರಮ್ಮ ತೀರ್ಪು ಕೊಟ್ಟರು: ಕಾಯಿಲೆಯಿಲ್ಲ, ನಕಲು. ಯಾರದೋ ಕೆಮ್ಮು ಕೇಳಿ ಕಲಿತಿದೆ. ಯಾರದು? ಎಂದು ನಿರ್ದೇಶಕರು ಇಡೀ ತಲೆ ತಿರುಗಿಸಿ ನೋಡಿದರು. "ದಿನಕ್ಕೆ ಸಾವಿರ ಜನ ಬರ್ತಾರಲ್ಲ ಸಾರ್" ಅಂದರು ಭಾವ. ನಾನು ಅದೇ ವಾರ ಹಲಗೆ ಬರೆದೆ. ನನ್ನ ಎಂಬತ್ತಾರನೆಯದು. ನಾಳೆಯ ಸನ್ಮಾನಕ್ಕೆ ಕಾರಣವಾದದ್ದು:

ಕೆಮ್ಮುವವರು ನೀವು,
ಕೇಳುವವರು ನಾವು.
ಕಲಿತು ಒಪ್ಪಿಸಿದೆವು,
ನಮಗಿಲ್ಲ ನೋವು.

ಈ ಪ್ರಾಸಕ್ಕೆ ಸರಿಹೊಂದುವ ಪದ ಇನ್ನೂ ಒಂದಿತ್ತು. ಮೃಗಾಲಯದ ಹಲಗೆಗೆ ಅದು ಹೊಂದುವುದಿಲ್ಲವೆಂದು ಬಿಟ್ಟೆ.

ಆಮೇಲೆ ಆದದ್ದು ನಿಮಗೆಲ್ಲ ಗೊತ್ತಿದೆ. ಹಲಗೆ ಪತ್ರಿಕೆಯಲ್ಲಿ ಬಂತು. ಜನ ಮನೆಮಂದಿಯೊಂದಿಗೆ ಬಂದು ಗಾಜಿನ ಮುಂದೆ ಸಾಲುಗಟ್ಟಿ ಕೆಮ್ಮಿದರು. ಮದುಮಕ್ಕಳು ಜೋಡಿಯಾಗಿ ಕೆಮ್ಮಿ ಫೋಟೊ ತೆಗೆಸಿಕೊಂಡರು. ಗುಂಡಿ ಒತ್ತಿದರೆ ಒಳಗಿನಿಂದ ಕೆಮ್ಮು, ಹೊರಗೆ ನಗು. 'ಹೊರಗಿನ ಸದ್ದು ಒಳಗೆ ಹೋಗುವುದಿಲ್ಲ' ಎಂಬ ಸಣ್ಣ ಸೂಚನೆ ಗುಂಡಿಯ ಪಕ್ಕದಲ್ಲೇ ಇದೆ, ಅದನ್ನು ಬರೆದವನೂ ನಾನೇ. ಎರಡನ್ನೂ ಒಟ್ಟಿಗೆ ಓದಿದವರು ಒಬ್ಬರೂ ಇಲ್ಲ. ಪ್ರಾಸವಿದ್ದದ್ದನ್ನು ಓದಿದರು.

ಬೇಸಿಗೆ ಮುಗಿಯುವ ಹೊತ್ತಿಗೆ ಭಾವ ಹಣ್ಣು ಹೆಚ್ಚುವ ಕಟ್ಟೆಯ ಹತ್ತಿರ ಕುಸಿದುಬಿದ್ದರು. ಹಲಗೆ ಹಾಕಿ ಐದು ತಿಂಗಳಾಗಿತ್ತು. ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಎಕ್ಸ್‌ರೇ ನೋಡಿ ಕೇಳಿದರು:

"ಎಷ್ಟು ದಿನದಿಂದ ಕೆಮ್ಮು?"

"ಕೆಮ್ಮೇ ಇಲ್ಲ ಡಾಕ್ಟ್ರೇ" ಅಂದರು ಏಕೈಕ ಸಭಿಕರು.

"ಮನೇಲಿ ಯಾರಿಗೂ ಗೊತ್ತಾಗಲಿಲ್ವಾ? ಇದು ಏಳೆಂಟು ತಿಂಗಳದ್ದು. ನಾಲ್ಕೈದು ತಿಂಗಳು ಮುಂಚೆ ಕರ್ಕೊಂಡು ಬಂದಿದ್ರೆ ಮಾತೇ ಬೇರೆ ಇರ್ತಿತ್ತು."

ಏಕೈಕ ಸಭಿಕರು ತಮ್ಮ ಎಡಗಿವಿಯನ್ನು ಮುಟ್ಟಿಕೊಂಡರು. ನಾನು ಅವರ ಪಕ್ಕದಲ್ಲಿದ್ದೆ. ಗೋಡೆಯ ಮೇಲೆ ಆರು ಸ್ವಿಚ್ಚುಗಳಿದ್ದವು, ನಾಲ್ಕನೆಯದರ ಮೇಲೆ ಯಾರೋ 'ಫ್ಯಾನ್' ಎಂದು ವಕ್ರವಾಗಿ ಬರೆದಿದ್ದರು. ಅಕ್ಷರ ಚೆನ್ನಾಗಿರಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ.

ಇಪ್ಪತ್ತಾರು ದಿನ. ಆಮೇಲೆ ಮನೆಗೆ ಬಂದ ನೆಂಟರಲ್ಲಿ ಒಬ್ಬಾಕೆ, ನಮ್ಮ ದೊಡ್ಡಮ್ಮನೇ, ಹಜಾರದಲ್ಲಿ ಕೂತು ಅಂದಳು: "ಪಕ್ಕದಲ್ಲೇ ಮಲಗ್ತಿದ್ದವಳಿಗೆ ಗಂಡನ ಕೆಮ್ಮು ಕೇಳಿಸ್ಲಿಲ್ವಂತೆ. ಕೇಳಿದ್ರೆ ನಗ್ತಾರೆ." ಅವಳು ಪಿಸುಗುಟ್ಟಿದ್ದಳು, ಅಕ್ಕನಿಗೆ ಕೇಳಿಸುವುದಿಲ್ಲವೆಂದುಕೊಂಡು. ಅಂಥದೆಲ್ಲ ಅಕ್ಕನಿಗೆ ಕೇಳಿಸುತ್ತದೆ. ಅವತ್ತು ಅಡುಗೆಮನೆಯಲ್ಲಿ ನನ್ನ ತೋಳು ಹಿಡಿದುಕೊಂಡು ಹೇಳಿದಳು: "ಮಂಚದಲ್ಲಿ ಜಾಗ ಬದಲಾಯಿಸಿದ್ರು ಕಣೋ. ಇಪ್ಪತ್ತೆಂಟು ವರ್ಷ ನನ್ನ ಬಲಗಡೆ ಮಲಗಿದವ್ರು ಚಳಿಗಾಲದಲ್ಲಿ ಎಡಗಡೆಗೆ ಬಂದ್ರು, ಕಿಟಕಿ ಗಾಳಿ ಅಂತ. ನಾನು ಯಾಕೆ ಅಂತಾನೂ ಕೇಳ್ಲಿಲ್ಲ. ಕಿವಿ ಇದ್ದಿದ್ರೆ ಬದುಕಿಸ್ಕೋತಿದ್ದೆ." ಆ ಶ್ರವಣಯಂತ್ರವನ್ನು ಅವಳು ಕೊಂಡದ್ದು ಅವರು ಹೋದ ಏಳು ತಿಂಗಳ ಮೇಲೆ. ಈಗ ಕೇಳಿಸಿಕೊಳ್ಳುವುದಕ್ಕೆ ಈ ಮನೆಯಲ್ಲಿ ಗಡಿಯಾರವೊಂದೇ ಇದೆ.

ಇನ್ನು ಮೇಷ್ಟ್ರು? ಭಾವ ಕುಸಿದು ಆಸ್ಪತ್ರೆ ಸೇರಿದ ಮೇಲೆ ಮೇಷ್ಟ್ರು ಏನಾದರೆಂದು ನೀವು ಕೇಳಬಹುದು. ಎರಡು ದಿನ ಏನೂ ಮುಟ್ಟಲಿಲ್ಲ. ಮೂರನೆಯ ದಿನ ಹೊಸ ಪ್ರಾಣಿಪಾಲಕಿಯ ಕೈಯಿಂದ ಸೇಬಿನ ಹೋಳು ತೆಗೆದುಕೊಂಡು ತಿಂದರು. ಪ್ರಾಣಿಲೋಕದಲ್ಲಿ ನನ್ನನ್ನು ಬೆಚ್ಚಿಬೀಳಿಸಿದ ಸಂಗತಿಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಆ ಕೈ ಬಿಟ್ಟರೆ ಬೇರೆ ಕೈ ಇಲ್ಲವೆಂದು ಒಬ್ಬ ಮನುಷ್ಯ ತನ್ನ ಎದೆಯನ್ನೇ ಒತ್ತೆಯಿಟ್ಟಿದ್ದ. ಮೂರು ದಿನ, ಸಭಿಕರೇ! ಮೂರೇ ದಿನ. ಇದಕ್ಕೆ ನನ್ನ ಬಳಿ ಪ್ರಾಸವಿಲ್ಲ. ಹುಡುಕಿದೆ, ಸಿಗಲಿಲ್ಲ.

ನಾಳೆಯ ಕಾರ್ಯಕ್ರಮದ ಪಟ್ಟಿ ಮೊನ್ನೆ ಕೈಗೆ ಬಂತು. ಸ್ವಾಗತ, ವರದಿ ವಾಚನ, ಸನ್ಮಾನ. ಸನ್ಮಾನದ ಮುಂದೆ ಆವರಣ ಹಾಕಿ, 'ಕೆಮ್ಮುವ ಗಿಳಿಯನ್ನು ವೇದಿಕೆಗೆ ತರಲಾಗುವುದು, ಮೈಕಿನ ವ್ಯವಸ್ಥೆ ಇದೆ' ಎಂದು ಅಚ್ಚಾಗಿದೆ. ಮೊದಲ ಸಾಲಿನಲ್ಲಿ ದಿವಂಗತ ಪ್ರಾಣಿಪಾಲಕರ ಪತ್ನಿಗೆ ಕುರ್ಚಿ ಕಾದಿರಿಸಿದ್ದಾರೆ. ಬಲಗಿವಿ ವೇದಿಕೆಯ ಕಡೆಗಿರುವಂತೆ. ಕೇಳಿಸಲಿ ಎಂದು, ನನ್ನ ಅಕ್ಕನೆಂಬ ಗೌರವದಿಂದ.

ಮಾತು ಮುಗಿಸುತ್ತೇನೆ. ನನ್ನ ಪ್ರಾಸಗಳನ್ನು ಸಹಿಸಿದ ಪ್ರಾಣಿಗಳಿಗೂ, ನನ್ನನ್ನು ಸಹಿಸಿದ ಸಹೋದ್ಯೋಗಿಗಳಿಗೂ, ಎಂಬತ್ತೈದು ಹಲಗೆಗಳಲ್ಲಿ ಒಂದು ಸುಳ್ಳೂ ಉಳಿಯದಂತೆ ನೋಡಿಕೊಂಡ ನಮ್ಮ ಭಾವನಿಗೂ, ಅಂಗಿಗೆ ಗುಂಡಿ ಹೊಲಿದುಕೊಟ್ಟ ಮಹನೀಯರಿಗೂ ನನ್ನ ಅನಂತ ಕೃತಜ್ಞತೆಗಳು. ಎಲ್ಲರಿಗೂ ನಮಸ್ಕಾರ.

ಚಪ್ಪಾಳೆ ಬೇಡ ಅಕ್ಕ. ಸೂಜಿ ಕೆಳಗಿಡು. ಯಂತ್ರ ಸರಿಯಾಗಿ ಕೂತಿದೆಯಾ?

ಎಂಬತ್ತೈದು ಅಂದೆ, ಕೇಳಿಸ್ಕೊಂಡೆಯಲ್ಲ. ಮೇಷ್ಟ್ರು ಆಸ್ಪತ್ರೆ ಕೋಣೆಯಲ್ಲಿದ್ದಾಗ ನಾನು ಗುಂಡಿ ಒತ್ತಿದೆ. ಗಾಜಿನ ಕೋಣೆಯಲ್ಲಿ ಹಕ್ಕಿ ಇರ್ಲಿಲ್ಲ. ಕೊಂಬೆ ಖಾಲಿ. ಸ್ಪೀಕರಲ್ಲಿ ಅದೇ ಕೆಮ್ಮು ಬಂತು. ಬಗ್ಗಿ ನೋಡಿದೆ. ಭಾವ ನೀರಿನ ತಟ್ಟೆ ತೊಳೀತಿದ್ದವ್ರು ಗೋಡೆ ಹಿಡ್ಕೊಂಡು ನಿಂತಿದ್ರು. ಗಾಜು ಬಡಿದೆ, ಕೇಳಿಸ್ಲಿಲ್ಲ. ಹಿಂದಿನ ಬಾಗಿಲಿಂದ ಹೋಗಿ "ಏನು ಭಾವ ಇದು?" ಅಂದೆ. "ಏನಿಲ್ಲ, ಏನಿಲ್ಲ" ಅಂದ್ರು. ಆಮೇಲೆ ಅಂದ್ರು, "ಗೊತ್ತಾದ್ರೆ ನನ್ನನ್ನ ಹಕ್ಕಿಗಳ ಹತ್ರ ಬಿಡಲ್ಲ, ಗೇಟ್ ಕಾಯೋ ಕೆಲಸಕ್ಕೆ ಹಾಕ್ತಾರೆ ಕಣೋ. ಇವನು ಬೇರೆಯವ್ರ ಕೈಲಿ ತಿನ್ನಲ್ಲ. ಬೇಸಿಗೆ ಕಳೀಲಿ, ತೋರಿಸ್ಕೋತೀನಿ. ನೀನೊಂದು ಹಲಗೆ ಬರೆದುಬಿಡು, ಓದಿದ್ದನ್ನ ಜನ ನಂಬ್ತಾರೆ." "ಅಕ್ಕಂಗೆ ಗೊತ್ತಾಗಲ್ವಾ?" ಅಂತ ಕೇಳ್ದೆ. "ಅವಳಿಗೆ ಕೇಳಿಸಲ್ಲ. ಎಡಗಡೆಗೆ ಬಂದಿದ್ದೀನಿ" ಅಂದ್ರು.

ಬರೆದೆ. ಹಸಿ ಬಣ್ಣದ ಮುಂದೆ ನಿಂತು ಓದಿದ್ರು. ನಿಜಾನೋ, ಪ್ರಾಸಕ್ಕೆ ಬಂದಿದ್ದೋ ಅಂತ ಅದೊಂದು ಸಲ ಕೇಳ್ಲಿಲ್ಲ. "ಹ್ಞೂಂ, ಹಾಕು" ಅಂದ್ರು. ಹಾಕ್ದೆ.

ನಿನ್ನ ಕಿವಿದೇನೂ ತಪ್ಪಿಲ್ಲ. ನಿನಗೆ ಕೇಳಿಸದ ಹಾಗೆ ನಾವಿಬ್ಬರೂ ನೋಡ್ಕೊಂಡ್ವಿ. ಡಾಕ್ಟ್ರು ನಿನ್ನ ಕೇಳಿದಾಗ ನನಗೆ ಗೊತ್ತಿತ್ತು. ದೊಡ್ಡಮ್ಮ ಅಂದಾಗ ಗೊತ್ತಿತ್ತು. ಮೂವತ್ತೈದು ಭಾನುವಾರ ಗೊತ್ತಿತ್ತು.

ನಾಳೆ ಮೇಷ್ಟ್ರು ಮೈಕಿನ ಮುಂದೆ ಎರಡು ಸಲ ಕೆಮ್ತಾರೆ. ಕೆಮ್ಮಿ, ಭಾವನ ದನಿಯಲ್ಲೇ "ಏನಿಲ್ಲ, ಏನಿಲ್ಲ" ಅಂತಾರೆ. ನಿನಗೆ ಯಂತ್ರ ಬಂದಿದೆ, ಕೇಳಿಸುತ್ತೆ. ಅದಕ್ಕೇ ಹೇಳ್ತಿದ್ದೀನಿ ಅಕ್ಕ. ಇಲ್ಲದಿದ್ರೆ ಇವತ್ತೂ ಹೇಳ್ತಿರ್ಲಿಲ್ಲ.